ಮಣ್ಣು ಒದ್ದೆ, ಎಲೆ ಒಣ: ಮನೆಯೊಳಗಿನ ಕುಂಡದ ಗಿಡಕ್ಕೆ ಗಾಳಿಯ ತೇವ ಹೊಂದಿಸುವುದು ಹೇಗೆ?

ಕಿಟಕಿ ಪಕ್ಕ ಇಟ್ಟ ಪುದೀನದ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ಪುಡಿಪುಡಿ. ಇದನ್ನು ನೋಡಿದ ಕೂಡಲೇ ನಮ್ಮ ಕೈ ಹೋಗುವುದು ನೀರಿನ ಕಡೆಗೆ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ಏಸಿ ಇದ್ದ ಕೋಣೆಯಲ್ಲಿ ಒಂದು ಕಾಮಕಸ್ತೂರಿ, ಅಂದರೆ ಬೇಸಿಲ್ ಗಿಡ ಇಟ್ಟಿದ್ದೆ. ತುದಿ ಒಣಗಿದ್ದು ಕಂಡು ದಿನಕ್ಕೆ ಎರಡು ಸಲ ನೀರು ಹಾಕಿದೆ. ಗಿಡ ಇನ್ನೂ ಬಾಡಿತು. ಕೊನೆಗೆ ಕಿತ್ತು ನೋಡಿದರೆ ಬೇರೆಲ್ಲ ಕಪ್ಪಾಗಿ ಕೊಳೆತ ವಾಸನೆ ಬರುತ್ತಿತ್ತು. ಮಣ್ಣಲ್ಲಿ ನೀರಿಗೆ ಕೊರತೆ ಇರಲೇ ಇಲ್ಲ. ಒಣಗಿದ್ದದ್ದು ಗಾಳಿ.

ಮಣ್ಣಿನ ತೇವ ಬೇರೆ, ಗಾಳಿಯ ತೇವ ಬೇರೆ. ಎಲೆಯಲ್ಲಿರುವ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಗಾಳಿ ಒಣಗಿದಷ್ಟೂ ಅದು ಬೇಗ ಹೋಗುತ್ತದೆ. ಬೇರು ಅಷ್ಟು ವೇಗವಾಗಿ ನೀರು ಕಳಿಸಲಾರದು. ನೀರು ಕೊನೆಗೆ ತಲುಪುವ ಜಾಗ ಎಲೆಯ ತುದಿ ಮತ್ತು ಅಂಚು. ಅದಕ್ಕೇ ಮೊದಲು ಒಣಗುವುದೂ ಅವೇ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಇದರ ಉಲ್ಟಾ. ಎಲೆಯ ಮೇಲಿನ ಪಸೆ ಆರುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ.

ಮೊದಲು ಅಳೆಯಿರಿ

ಅಂದಾಜಿನ ಮೇಲೆ ಏನೂ ಮಾಡಬೇಡಿ. ಹೈಗ್ರೋಮೀಟರ್ ಎಂಬ ಪುಟ್ಟ ಸಾಧನ ಗಾಳಿಯ ತೇವವನ್ನು, ಅಂದರೆ ಗಾಳಿ ಹಿಡಿದುಕೊಳ್ಳಬಲ್ಲ ನೀರಿನಲ್ಲಿ ಈಗ ಎಷ್ಟು ಪಾಲು ಇದೆ ಎನ್ನುವುದನ್ನು, ಶೇಕಡಾವಾರು ತೋರಿಸುತ್ತದೆ. ಆದರೆ ಅಗ್ಗದವು ಕೆಲವೊಮ್ಮೆ ಐದು, ಹತ್ತು ಅಂಕ ತಪ್ಪು ತೋರಿಸುವುದುಂಟು. ಆದ್ದರಿಂದ ಅದನ್ನೇ ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ. ಮೇಲೆ ಕೆಲವೇ ಹನಿ ನೀರು ಬಿಡಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು. ಮುಚ್ಚಳ ಮತ್ತು ಮೀಟರ್ ಎರಡನ್ನೂ ಗಾಳಿ ಆಡದ ಜಿಪ್ ಕವರಿನಲ್ಲಿಟ್ಟು ಮುಚ್ಚಿ, ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಸುತ್ತ ಮುಚ್ಚಿಕೊಂಡಿರುವ ಗಾಳಿ 75 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ ನಿಮ್ಮ ಮೀಟರ್ 70 ತೋರಿಸಿದರೆ ಅದು ಐದು ಕಡಿಮೆ ಹೇಳುತ್ತಿದೆ ಎಂದರ್ಥ. ಇನ್ನು ಮುಂದೆ ಐದು ಕೂಡಿಸಿ ಓದಿಕೊಂಡರಾಯಿತು.

ಮೀಟರನ್ನು ಗಿಡದ ಪಕ್ಕದಲ್ಲಿ, ಎಲೆಯಷ್ಟೇ ಎತ್ತರದಲ್ಲಿ, ಬಿಸಿಲು ನೇರ ಬೀಳದಂತೆ ಇಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಹೀಗೆ ಮೂರು ನಾಲ್ಕು ದಿನ ಬರೆದುಕೊಳ್ಳಿ. ಒಂದೇ ಮನೆಯಲ್ಲಿ ಇಷ್ಟೊಂದು ವ್ಯತ್ಯಾಸವಾ ಎಂದು ಆಶ್ಚರ್ಯವಾಗುತ್ತದೆ. ಕಾರಣ ಇದೆ. ಗಾಳಿಯ ಬಿಸಿ 10 ಡಿಗ್ರಿ ಏರಿದರೆ ಅದು ಹಿಡಿದುಕೊಳ್ಳಬಲ್ಲ ನೀರು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಾಗಾಗಿ ಕೋಣೆ ಬಿಸಿಯಾದಾಗ, ಗಾಳಿಯಲ್ಲಿದ್ದ ನೀರು ಎಲ್ಲಿಗೂ ಹೋಗದಿದ್ದರೂ ಮೀಟರಿನ ಅಂಕಿ ಇಳಿಯುತ್ತದೆ. ಹೀಟರ್ ಹಾಕಿದಾಗ ಆಗುವುದು ಇದೇ. ಏಸಿಯ ಕಥೆ ಬೇರೆ, ಅದು ನಿಜಕ್ಕೂ ನೀರನ್ನು ತೆಗೆದುಬಿಡುತ್ತದೆ. ಅದರ ಪೈಪಿನಿಂದ ಹೊರಗೆ ತೊಟ್ಟಿಕ್ಕುವ ನೀರೆಲ್ಲ ನಿಮ್ಮ ಕೋಣೆಯ ಗಾಳಿಯಲ್ಲಿದ್ದದ್ದೇ.

ಯಾವ ಗಿಡಕ್ಕೆ ಎಷ್ಟು?

ಕಾಮಕಸ್ತೂರಿ, ಪುದೀನದಂಥ ತೆಳು ಎಲೆಯ ಗಿಡಗಳಿಗೆ 40ರಿಂದ 60 ಶೇಕಡಾ ಹಿತ. ರೋಸ್‌ಮೇರಿ, ಥೈಮ್, ಓರೆಗಾನೊ ಒಣ ಬೇಸಿಗೆಯ ಸೀಮೆಯಿಂದ ಬಂದವು. ಇವು 30 ಶೇಕಡಾದಲ್ಲೂ ಚೆನ್ನಾಗಿರುತ್ತವೆ, ತೇವ ಜಾಸ್ತಿಯಾದರೇ ಕಷ್ಟ. ದಪ್ಪ ಎಲೆಯ ದೊಡ್ಡಪತ್ರೆಯೂ ಇದೇ ಗುಂಪಿಗೆ ಸೇರುತ್ತದೆ, ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ರೋಸ್‌ಮೇರಿಯನ್ನೂ ಪುದೀನವನ್ನೂ ಒಂದೇ ತಟ್ಟೆಯಲ್ಲಿ ಜೋಡಿಸಿಟ್ಟರೆ ಎರಡರಲ್ಲಿ ಒಂದು ನರಳುವುದು ಖಂಡಿತ. ಅವನ್ನು ಬೇರೆ ಬೇರೆ ಜಾಗದಲ್ಲಿಡಿ.

ಗಾಳಿ ಒಣಗಿದ್ದರೆ

ಏನನ್ನೂ ಕೊಳ್ಳುವ ಮೊದಲು ಕುಂಡದ ಜಾಗ ಬದಲಿಸಿ. ಗಿಡ ಇರುವಲ್ಲಿ ಅಂಗೈ ಒಡ್ಡಿ ಒಂದು ನಿಮಿಷ ನಿಲ್ಲಿ. ಏಸಿಯ ಗಾಳಿ ಅಥವಾ ಹೀಟರಿನ ಬಿಸಿ ಕೈಗೆ ತಾಗಿದರೆ ಅದು ಗಿಡಕ್ಕೂ ತಾಗುತ್ತಿದೆ. ಅರ್ಧ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ ಅನ್ನುವುದು ನನ್ನ ಅನುಭವ.

ಆಮೇಲೆ ತೇವ ಬೇಡುವ ಕುಂಡಗಳನ್ನು ಹತ್ತಿರ ಹತ್ತಿರ ಇಡಿ. ಒಂದರ ಎಲೆಯಿಂದ ಹೊರಟ ಆವಿ ಇನ್ನೊಂದಕ್ಕೆ ಒದಗುತ್ತದೆ. ಎಲೆಗೆ ಎಲೆ ತಾಗಬಾರದು, ನಡುವೆ ನಾಲ್ಕು ಬೆರಳಷ್ಟು ಜಾಗ ಇರಲಿ.

ಬೆಣಚುಕಲ್ಲಿನ ತಟ್ಟೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಗಲ ತಟ್ಟೆಯಲ್ಲಿ ಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಮೇಲೆ ಕುಂಡ ಇಡುವುದು. ಉಪಯೋಗ ಇದೆ, ಆದರೆ ಸ್ವಲ್ಪವೇ. ಕುಂಡದ ತಳ ಮಾತ್ರ ನೀರಿಗೆ ತಾಗಲೇಬಾರದು. ತಾಗಿದರೆ ಮಣ್ಣು ಸದಾ ಒದ್ದೆಯಾಗಿ, ನನ್ನ ಬೇಸಿಲ್‌ಗೆ ಆದ ಗತಿಯೇ ಆಗುತ್ತದೆ.

ಎಲೆಗೆ ನೀರು ಚಿಮುಕಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಚಿಮುಕಿಸಿ ಮೀಟರ್ ನೋಡುತ್ತಾ ಕುಳಿತುಕೊಳ್ಳಿ: ಅಂಕಿ ಸರ್ರನೆ ಏರುತ್ತದೆ, ಸ್ವಲ್ಪ ಹೊತ್ತಿಗೆಲ್ಲ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ. ಸಂಜೆ ಚಿಮುಕಿಸಿದರಂತೂ ರಾತ್ರಿಯಿಡೀ ಎಲೆ ಒದ್ದೆ, ಬೂಷ್ಟಿಗೆ ಸುಮ್ನೆ ದಾರಿ ಮಾಡಿಕೊಟ್ಟ ಹಾಗೆ.

ಇಷ್ಟೆಲ್ಲ ಮಾಡಿದರೂ ತೆಳು ಎಲೆಯ ಗಿಡಗಳ ಬಳಿ ಮೀಟರ್ ದಿನವಿಡೀ 35 ದಾಟದಿದ್ದರೆ ಆಗ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ಯಂತ್ರ ತನ್ನಿ. ಗಿಡದಿಂದ ಒಂದು ಮೀಟರ್‌ನಷ್ಟು ದೂರ ಇಡಿ, ಮಂಜು ನೇರವಾಗಿ ಎಲೆಯ ಮೇಲೆ ಬೀಳಬಾರದು. ಕಂಪನದಿಂದ ನೀರನ್ನು ಮಂಜಾಗಿಸುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಗಡಸು ನೀರು ಹಾಕಿದರೆ ಎಲೆ, ಮೇಜು ಎಲ್ಲದರ ಮೇಲೂ ಬಿಳಿ ಪುಡಿ ಕೂರುತ್ತದೆ. ಶುದ್ಧೀಕರಿಸಿದ ನೀರು ಒಳ್ಳೆಯದು. ಟ್ಯಾಂಕಿನ ನೀರನ್ನು ದಿನಾ ಬದಲಿಸಿ, ಆಗಾಗ ಉಜ್ಜಿ ತೊಳೆಯಿರಿ. ಅಲ್ಲಿ ಬೆಳೆದ ಕೊಳೆ ಗಾಳಿಗೆ ಸೇರಿದರೆ ಉಸಿರಾಡುವವರು ನಾವೇ.

ತೇವ ಜಾಸ್ತಿಯಾದರೆ

ಬೆಳಗ್ಗೆ ಕಿಟಕಿಯ ಗಾಜಿನ ಒಳಮೈ ಬೆವರಿದೆಯಾ? ಎರಡು ದಿನವಾದರೂ ಮಣ್ಣಿನ ಮೇಲ್ಪದರ ಆರಿಲ್ಲವಾ? ಹಾಗಿದ್ದರೆ ಗಾಳಿ ಆಡಬೇಕು. ಪುಟ್ಟ ಫ್ಯಾನನ್ನು ಕಡಿಮೆ ವೇಗದಲ್ಲಿ, ಗಿಡದ ಕಡೆಗಲ್ಲ, ಎದುರಿನ ಗೋಡೆಯ ಕಡೆ ತಿರುಗಿಸಿ. ಎಲೆ ಅಲುಗಿದರೂ ಅಲುಗದ ಹಾಗೆ ಇದ್ದರೆ ಸಾಕು. ಒತ್ತಾಗಿ ಬೆಳೆದ ಕುಡಿಗಳನ್ನು ಚಿವುಟಿ, ಮಣ್ಣಿಗೆ ತಾಗುವ ಕೆಳಗಿನ ಎಲೆಗಳನ್ನು ತೆಗೆಯಿರಿ. ನೀರು ಹಾಕುವುದು ಬೆಳಗ್ಗೆ, ಅದೂ ಬುಡಕ್ಕೆ. ಮಳೆ ಸುರಿಯುತ್ತಿರುವಾಗ ಕಿಟಕಿ ತೆರೆದರೆ ಹೊರಗಿನ ತೇವ ಒಳಗೆ ಬರುತ್ತದೆ ಎನ್ನುವುದು ನೆನಪಿರಲಿ.

ಕೆಲವು ಬೆಳಗ್ಗೆ ಎಲೆಯ ತುದಿಯಲ್ಲಿ ಮುತ್ತಿನಂಥ ಹನಿಗಳು ಸಾಲಾಗಿ ನಿಂತಿರುತ್ತವೆ. ಗಾಬರಿ ಬೇಡ, ಅದು ರೋಗವಲ್ಲ. ರಾತ್ರಿ ಬೇರು ಎಳೆದ ನೀರು ಆವಿಯಾಗಲು ಆಗದೆ ಹನಿಯಾಗಿ ಹೊರಬಂದಿದೆ. ಆ ದಿನ ನೀರು ಹಾಕಬೇಡಿ.

ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡಿ

ಬಿಸಿ, ಒಣ ಗಾಳಿಯಲ್ಲಿ ನುಸಿ ಬಲು ಬೇಗ ಹೆಚ್ಚುತ್ತದೆ. ಬಿಳಿ ಕಾಗದ ಹಿಡಿದು ಅದರ ಮೇಲೆ ಎಲೆಯನ್ನು ತಟ್ಟಿ. ಬಿದ್ದ ಧೂಳಿನಂಥ ಚುಕ್ಕೆಗಳು ಹರಿದಾಡಿದರೆ ನುಸಿ ಬಂದಿದೆ. ಎಲೆಯ ಅಡಿಭಾಗವನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಎರಡು ಮೂರು ದಿನಕ್ಕೊಮ್ಮೆ ಮತ್ತೆ ತೊಳೆಯಿರಿ. ಹಿಟ್ಟು ಉದುರಿಸಿದಂಥ ಬಿಳಿ ಮಚ್ಚೆ ಕಂಡರೆ ಅದು ಬೂದಿ ರೋಗ. ಆ ಎಲೆಗಳನ್ನು ಕಿತ್ತು ಎಸೆದು, ಕುಂಡಗಳ ನಡುವಿನ ಜಾಗ ಹೆಚ್ಚಿಸಿ.

ಒಮ್ಮೆ ಕಂದಾದ ಅಂಚು ಮತ್ತೆ ಹಸಿರಾಗುವುದಿಲ್ಲ. ಆದ್ದರಿಂದ ಹಳೆಯ ಎಲೆ ನೋಡಿ, ಮಾಡಿದ್ದು ಫಲ ಕೊಡಲಿಲ್ಲ ಎಂದು ಮತ್ತೆ ನೀರು ಸುರಿಯಬೇಡಿ. ಒಣಗಿದ ಎಲೆಗಳನ್ನು ಕತ್ತರಿಸಿ, ಎರಡು ವಾರ ಕಾಯಿರಿ. ಹೊಸ ಕುಡಿ ಹೇಗೆ ಬಿಚ್ಚಿಕೊಳ್ಳುತ್ತದೆ ಎನ್ನುವುದನ್ನು ನೋಡಿ ಮುಂದಿನದನ್ನು ತೀರ್ಮಾನಿಸಿ.