ಪಡ್ಡಿನ ಹಂಚಲ್ಲಿ ಮಂಡಕ್ಕಿ ಉಂಡೆ: ಮೂರನೇ ಸಲಕ್ಕೆ ಗೆದ್ದೆ

ಜುಲೈ ತಿಂಗಳು, ಮುಂಬೈ ಹತ್ತಿರದ ಡೊಂಬಿವಲಿಯ ಮಳೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಹವಾ. ಅಂಥದ್ದರಲ್ಲಿ ಮಗಳ ಕ್ಲಾಸಿನ ಪಾರ್ಟಿಗೆ ಮಂಡಕ್ಕಿ ಉಂಡೆ ಮಾಡಿ ಕಳಿಸ್ತೀನಿ ಅಂದಾಗ ನಮ್ಮತ್ತೆ ನಕ್ಕುಬಿಟ್ಟರು. "ದಾವಣಗೆರೆ ಬಿಸಿಲು ಅಂದ್ಕೊಂಡ್ಯೇನೆ? ಬೆಳಗಾಗೋದ್ರೊಳಗೆ ಮೆತ್ತಗಾಗಿ ಮುದ್ದೆಯಾಗ್ತವೆ." ನಮ್ಮೆಜಮಾನರದ್ದು ಇನ್ನೂ ಸುಲಭದ ಉಪಾಯ: ಬೇಕರಿಯಿಂದ ಕಪ್‌ಕೇಕ್ ತಂದುಬಿಡು. ಒಂದಕ್ಕೆ 40 ರೂಪಾಯಿ, 45 ಜನ. ಲೆಕ್ಕ ಹಾಕಿ ನೋಡಿ. ನಾನು ಹಾಕಿದೆ, ಅದಕ್ಕೇ ಹಟ ಹಿಡಿದೆ.

ಹಟಕ್ಕೆ ಹಿಂದಿನ ಎರಡು ಸೋಲೂ ಕಾರಣ, ಮುಚ್ಚಿಡೋದೇನಿದೆ. ಮೊದಲನೇದು ಅದರ ಹಿಂದಿನ ವರ್ಷದ ಆಗಸ್ಟ್ 15ಕ್ಕೆ. ಆರೋಗ್ಯ, ಆರೋಗ್ಯ ಅಂತ ಕಪ್ಪನೆ ಸಾವಯವ ಬೆಲ್ಲ ತಂದಿದ್ದೆ, ಕಿಲೋಗೆ 140ರ ಹತ್ತಿರ. ಪಾಕ ಎಷ್ಟು ಕುದಿಸಿದರೂ ಹನಿ ನೀರಿಗೆ ಬಿಟ್ಟು ನೋಡಿದರೆ ಮೆತ್ತಗೇ ಕೂರ್ತಿತ್ತು. ಆಗಿದ್ದಾಗಲಿ ಅಂತ ಕಟ್ಟಿದೆ. ಡಬ್ಬ ತೆಗೆದಾಗ 80 ಉಂಡೆ ಸೇರಿ ಒಂದೇ ಉಂಡೆ! ಟೀಚರ್ ಚಮಚದಿಂದ ಕಿತ್ತು ಕಿತ್ತು ಕೊಟ್ಟರಂತೆ.

ಎರಡನೇದು ಡಿಸೆಂಬರ್ ರಜೆಯ ಮುಂಚಿನ ಪಾರ್ಟಿ. ಈ ಸಲ ಮೆತ್ತಗಾಗಬಾರದು ಅಂತ ಪಾಕವನ್ನ ಜಾಸ್ತಿ ಏರಿಸಿಬಿಟ್ಟೆ. ಉಂಡೆಯಲ್ಲ, ಕ್ರಿಕೆಟ್ ಚೆಂಡು. ಒಂದನೇ ಕ್ಲಾಸಿನ ಮಕ್ಕಳು, ಅರ್ಧಕ್ಕರ್ಧ ಬಾಯಲ್ಲಿ ಹಾಲುಹಲ್ಲು ಅಲ್ಲಾಡ್ತಿರೋ ವಯಸ್ಸು. ಒಬ್ಬ ಹುಡುಗನ ಹಲ್ಲು ಉಂಡೆಯಲ್ಲೇ ಉಳೀತು. ಅವನಿಗೆ ಖುಷಿಯೋ ಖುಷಿ, ಹಲ್ಲು ನೆಟ್ಟ ಉಂಡೆಯನ್ನ ಮನೆಗೆ ಒಯ್ದು ತೋರಿಸಿದ. ಅವರಮ್ಮನಿಗೆ ಖುಷಿಯಾಗಲಿಲ್ಲ.

ಈಗ ಗೆದ್ದ ಕಥೆ. ಬೆಲ್ಲದ ಗುಟ್ಟು ಹೇಳಿದ್ದು ಪಕ್ಕದ ಮನೆ ಮರಾಠಿ ಕಾಕೂ. "ಅಗ, ಸಾಧಾ ಗುಳ್ ನಕೋ, ಚಿಕ್ಕೀಚಾ ಗುಳ್ ಘೇ." ಸಾದಾ ಬೆಲ್ಲ ಬೇಡ, ಚಿಕ್ಕಿ ಬೆಲ್ಲ ತಗೋ ಅಂತ. ಇಲ್ಲಿ ದೊಡ್ಡ ಕಿರಾಣಿ ಅಂಗಡಿಗಳಲ್ಲಿ ಚಿಕ್ಕಿಗೆ ಅಂತಲೇ ಬೇರೆ ಬೆಲ್ಲ ಸಿಗುತ್ತೆ, ಸಂಕ್ರಾಂತಿ ಹೊತ್ತಲ್ಲಂತೂ ರಾಶಿ. ಕಿಲೋಗೆ 90-100 ಕೊಟ್ಟ ನೆನಪು. ಮಂಡಕ್ಕಿ ಮಾತ್ರ ಸ್ಟೇಷನ್ ಹತ್ತಿರದ ಕುರ್ಮುರೆ-ಫುಟಾಣೆ (ಮಂಡಕ್ಕಿ-ಹುರಿಗಡಲೆ) ಅಂಗಡಿಯದೇ ಆಗಬೇಕು, ಪ್ಯಾಕೆಟ್ಟಿನದಲ್ಲ. ಮಂಡಕ್ಕಿ ಭಟ್ಟಿಯ ಊರು ದಾವಣಗೆರೆಯಲ್ಲಿ ಹುಟ್ಟಿದವಳು ನಾನು, ಮುಷ್ಟಿಯಲ್ಲಿ ಹಿಡಿದು ಅಮುಕಿದ ಸದ್ದಲ್ಲೇ ಹಳೇದೋ ಹೊಸದೋ ಹೇಳ್ತೀನಿ. ಮಳೆಗಾಲದಲ್ಲಿ ಹೊಸದನ್ನೂ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಲೇಬೇಕು, ಬೆರಳಲ್ಲಿ ಹಿಸುಕಿದರೆ ಪುಡಿಯಾಗೋ ತನಕ.

ಆದರೆ ನಿಜವಾದ ತೊಂದರೆ ಬೆಲ್ಲದ್ದಲ್ಲ, ಕಟ್ಟೋದು. ಪಾಕ ಇಳಿಸಿ ಮಂಡಕ್ಕಿ ಕಲಸಿದ ಮೇಲೆ ಎರಡು ನಿಮಿಷ ಸಿಗೋದೇ ಹೆಚ್ಚು. ಹತ್ತು ಕಟ್ಟೋದ್ರೊಳಗೆ ಅಂಗೈ ಕೆಂಪು, ಉಳಿದದ್ದು ಬಾಣಲೆಗೇ ಅಂಟಿ ಕಲ್ಲು. ನೀರು ಮುಟ್ಟಿಕೊಂಡು ಕಟ್ಟಿದರೆ ಕೈ ಉಳಿಯುತ್ತೆ, ಆದರೆ ಆ ನೀರೇ ಮಾರನೇ ದಿನ ಉಂಡೆಯನ್ನ ಮೆತ್ತಗೆ ಮಾಡುತ್ತೆ. ಇದು ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯ್ತು.

ಹೊಳೆದದ್ದು ಒಂದು ಬೆಳಿಗ್ಗೆ ಪಡ್ಡು ಮಾಡ್ತಿದ್ದಾಗ. ಹನ್ನೆರಡು ಗುಳಿಯ ನಾನ್‌ಸ್ಟಿಕ್ ಹಂಚು ನಮ್ಮಲ್ಲಿತ್ತು, ಕಾಕೂ ಮನೆಯಿಂದ ಅವರ ಆಪ್ಪೆ ಪಾತ್ರ, ಅಂದರೆ ಅವರ ಪಡ್ಡಿನ ಹಂಚು, ಕೇಳಿ ತಂದೆ. ಎರಡಕ್ಕೂ ತುಪ್ಪದ ಕೈ ಸವರಿ, ಪಕ್ಕದ ಒಲೆಯಲ್ಲಿ ಉಗುರುಬೆಚ್ಚಗೆ ಮಾಡಿಟ್ಟೆ. ಬೆಚ್ಚಗಿರೋದೇ ಮುಖ್ಯ, ಕಲಸಿದ್ದು ಗುಳಿಯಲ್ಲಿ ಬಿದ್ದ ಕೂಡಲೇ ಗಡಸಾಗಲ್ಲ. ಚಮಚದಿಂದ ತುಂಬಿ, ಸಣ್ಣ ಬಟ್ಟಲಿನ ತಳದಿಂದ ಒತ್ತಿ, ಫ್ಯಾನ್ ಕೆಳಗೆ ಐದು ನಿಮಿಷ. ಹಂಚು ಮಗುಚಿ ಒಂದು ತಟ್ಟು ತಟ್ಟಿದರೆ ಟಪಟಪ ಅಂತ ಹನ್ನೆರಡೂ ಬಿದ್ದವು. ಅರ್ಧ ಉಂಡೆ, ಕೆಳಗೆ ಚಪ್ಪಟೆ, ಡಬ್ಬದಲ್ಲಿ ಉರುಳಲ್ಲ, ಚಿಕ್ಕ ಬಾಯಿಗೂ ಸರಿ. ಅತ್ತೆ ಒಂದು ತಿಂದು, ಏನೂ ಹೇಳದೆ ಇನ್ನೊಂದು ತಗೊಂಡರು.

ಅಳತೆ ಅಂದಾಜಿಂದು: 24 ಗುಳಿಗೆ ಮುಕ್ಕಾಲು ಬಟ್ಟಲು ಪುಡಿ ಬೆಲ್ಲ, ನಾಲ್ಕೂವರೆ ಬಟ್ಟಲು ಮಂಡಕ್ಕಿ. ನಾಲ್ಕು ಸಲ ಪಾಕ ತೆಗೆದೆ, ಒಂದೇ ಸಲ ಮಾಡೋ ದುರಾಸೆ ಬೇಡ. ಪಾಕ ನೀರಿಗೆ ಬಿಟ್ಟರೆ ಟಕ್ ಅಂತ ಮುರೀಬೇಕು, ನಿಮಗೆ ಗೊತ್ತಿದ್ದದ್ದೇ. ಹಲ್ಲಿಗೆ ಕಲ್ಲಾಗದಿರೋಕೆ ಇಳಿಸೋ ಮುಂಚೆ ಒಂದು ಚಿಟಿಕೆ ಬಿಳಿ ಪುಡಿ ಹಾಕ್ತೀನಿ, ಪಾಕ ನೊರೆಯೆದ್ದು ಬಣ್ಣ ತಿರುಗುತ್ತೆ. ಯಾವ ಪುಡಿ ಅಂತ ಹೇಳಲ್ಲ. ಚಿಕ್ಕಿ ಮಾಡಿದವರಿಗೆ ತಿಳಿಯುತ್ತೆ. ಡಬ್ಬದ ತಳಕ್ಕೆ ಏನು ಹಾಕಿಟ್ಟೆ ಅನ್ನೋದೂ ನನ್ನಲ್ಲೇ ಇರಲಿ. ಒಂದು ಮಾತು: ಪೂರ್ತಿ ಆರದೆ ಮುಚ್ಚಳ ಹಾಕಿದರೆ ಎಲ್ಲ ಗುಟ್ಟೂ ವ್ಯರ್ಥ.

ಶಾಲೆಯವರ ಷರತ್ತು ಕಡ್ಲೆಬೀಜ, ಗೋಡಂಬಿ, ಮೊಟ್ಟೆ ಬೇಡ ಅಂತ. ಅದಕ್ಕೆ ಹುರಿಗಡಲೆ ಒಂದು ಮುಷ್ಟಿ, ಏಲಕ್ಕಿ, ಅಷ್ಟೇ. ಜೈನರ ಮಕ್ಕಳೂ ತಿಂದರು.

ನಡುವೆ ಬೇರೆ ಆಟಗಳನ್ನೂ ಆಡಿದ್ದೆ. ಅಡುಗೆ ಚಾಕಲೇಟ್ ಕರಗಿಸಿ ಮಂಡಕ್ಕಿ ಅದ್ದಿದ್ದು ನೋಡೋಕೆ ಚೆಂದ, ಆದರೆ ಫ್ರಿಜ್ಜಿಂದ ತೆಗೆದು ಅರ್ಧ ಗಂಟೆಗೆ ಬೆರಳಿಗೆಲ್ಲ ಮೆತ್ತಿತು, 300 ರೂಪಾಯಿ ಮನೆಮಂದಿಯೇ ನೆಕ್ಕಿದೆವು. ಜೋಳದ ಅರಳಲ್ಲೂ ನೋಡಿದೆ, ಒತ್ತಿದರೆ ಪುಡಿಪುಡಿ. ರಾಗಿ ಹುರಿಹಿಟ್ಟಿನ ಉಂಡೆ ರುಚಿಯಾಗಿತ್ತು, ಮಗಳೇ ಬಣ್ಣ ನೋಡಿ "ಶೀ" ಅಂದಳು. ಬಿಟ್ಟೆ.

ಜುಲೈದರ ಖರ್ಚು ಬೆಲ್ಲ 50, ಮಂಡಕ್ಕಿ 35, ತುಪ್ಪ, ಹುರಿಗಡಲೆ, ಬಟರ್ ಪೇಪರ್ ಎಲ್ಲ ಸೇರಿ 150 ದಾಟಲಿಲ್ಲ. ರಾತ್ರಿ ಒಂಬತ್ತಕ್ಕೆ ಶುರು ಮಾಡಿ ಹತ್ತೂವರೆಗೆ 96 ಉಂಡೆ, ಅದರಲ್ಲಿ ನಾಲ್ಕೈದು ಒಡೆದವು. ಬೆಳಿಗ್ಗೆ ಆರೂಮುಕ್ಕಾಲಿನ ಸ್ಕೂಲ್ ಬಸ್ಸಿಗೆ ಡಬ್ಬ ಹತ್ತಿಸಿದೆ, ಹೊರಗೆ ಧೋ ಅಂತ ಮಳೆ. ಮಧ್ಯಾಹ್ನ ಖಾಲಿ ಡಬ್ಬ ಬಂತು. ತಳದಲ್ಲಿ ನಾನು ಹಾಕಿಟ್ಟದ್ದು ಮಾತ್ರ ಇತ್ತು.

ಹಲ್ಲು ಕಳಕೊಂಡ ಹುಡುಗನ ಅಮ್ಮನೇ ಮರುವಾರ ಫೋನ್ ಮಾಡಿದರು. ಹುಟ್ಟುಹಬ್ಬಕ್ಕೆ 60 ಬೇಕಂತೆ. ಒಂದಕ್ಕೆ ಐದು ರೂಪಾಯಿ ಅಂದೆ. ಮೂರಕ್ಕೆ ಕೊಡಿ ಅಂದರು. ನಾಲ್ಕೂವರೆಗೆ ನಿಂತಿದ್ದೇವೆ.