ಹೊಸದಾಗಿ ಓದು ಕಲಿತವರಿಗೆ ಕಥೆ: ನಾನು ಬರೆಯುವ ಕ್ರಮ

ಒಂದನೇ, ಎರಡನೇ ತರಗತಿಯ ಮಕ್ಕಳು ತಾವೇ ಓದಿಕೊಳ್ಳುವ ಚಿತ್ರಪುಸ್ತಕ ಬರೆಯುವಾಗ ನಾನು ಪದ ಎಣಿಸುವುದಿಲ್ಲ, ಅಕ್ಷರ ಎಣಿಸುತ್ತೇನೆ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ ಮೊದಲ ಹಂತದ ಪುಸ್ತಕಕ್ಕೆ 250 ಪದಗಳ ಮಿತಿ ಇಟ್ಟಿದೆ. ಹಲವು ಭಾಷೆಗಳಿಗೆ ಒಟ್ಟಿಗೇ ಇಟ್ಟ ಅಳತೆ ಅದು. ಕನ್ನಡದಲ್ಲಿ ‘ನೋಡಿಕೊಳ್ಳಬೇಕಾಗಿತ್ತು’ ಲೆಕ್ಕಕ್ಕೆ ಒಂದೇ ಪದ. ಅಕ್ಷರ ಮಾತ್ರ ಎಂಟು. ಕೂಡಿಸಿಕೊಂಡು ಓದುವ ಮಗು ಕೊನೆ ಮುಟ್ಟುವಷ್ಟರಲ್ಲಿ ಶುರುವಾದದ್ದನ್ನೇ ಮರೆತಿರುತ್ತದೆ. ಹಾಗಾಗಿ ಪದಕ್ಕೆ ಹೆಚ್ಚೆಂದರೆ ಐದಕ್ಷರ, ವಾಕ್ಯಕ್ಕೆ ನಾಲ್ಕು ಪದ, ಪುಟಕ್ಕೆ ಎರಡು ವಾಕ್ಯ ಇಟ್ಟುಕೊಳ್ಳುತ್ತೇನೆ.

ಒತ್ತಕ್ಷರ ಪೂರ್ತಿ ಬಿಡಲು ಹೋಗಬಾರದು. ಅಮ್ಮ, ಅಜ್ಜಿ, ಬೆಕ್ಕು, ಹಣ್ಣು ಇಲ್ಲದ ಮಕ್ಕಳ ಕಥೆ ಉಂಟೇ? ಇಂಥ ಸಜಾತಿ ಒತ್ತನ್ನು, ಅಂದರೆ ಅಕ್ಷರಕ್ಕೆ ಅದೇ ಅಕ್ಷರದ ಒತ್ತನ್ನು, ಮಕ್ಕಳು ಬೇಗ ಹಿಡಿಯುತ್ತಾರೆ. ತಡವರಿಸುವುದು ‘ಪುಸ್ತಕ’, ‘ಚಂದ್ರ’ದಂಥ ವಿಜಾತಿ ಒತ್ತಿನಲ್ಲಿ, ಅಂದರೆ ಬೇರೆ ಅಕ್ಷರದ ಒತ್ತಿನಲ್ಲಿ. ಅದಕ್ಕಿಂತ ಕಷ್ಟ ಅರ್ಕಾವೊತ್ತು: ‘ಸೂರ್ಯ’ದಲ್ಲಿ ಕಣ್ಣಿಗೆ ಮೊದಲು ಸಿಗುವುದು ಯ, ನಾಲಿಗೆಗೆ ಮೊದಲು ಬೇಕಾದದ್ದು ರ್. ‘ಬಿಸಿಲು’ ಎಂದರೆ ಸಾಕಾಗುವ ಕಡೆ ಹಾಗೇ ಬರೆಯುತ್ತೇನೆ. ಕಥೆಯೇ ಚಂದ್ರನದ್ದಾದರೆ ಪದ ಬದಲಿಸುವುದಿಲ್ಲ. ಮೊದಲ ಸಲ ಚಿತ್ರದ ಪಕ್ಕದಲ್ಲೇ ಇಟ್ಟು, ಮುಂದಿನ ಮೂರ್ನಾಲ್ಕು ಪುಟಗಳಲ್ಲಿ ಅದೇ ರೂಪದಲ್ಲಿ ತರುತ್ತೇನೆ. ‘ಚಂದ್ರನಿಗಿಂತ’ ಎಂದೊಡನೆ ಮಗುವಿಗೆ ಅದು ಬೇರೆಯೇ ಪದ.

ಆಡುಮಾತಿನಲ್ಲಿ ಬರೆದರೆ ಓದು ಸುಲಭ ಎಂಬ ಮಾತಿದೆ. ಕಿವಿಗೆ ನಿಜ, ಕಣ್ಣಿಗೆ ಅಲ್ಲ. ‘ಹೋಗುತ್ತೇನೆ’ಯಲ್ಲಿ ಇರುವುದು ಸಜಾತಿ ಒತ್ತು, ‘ಹೋಗ್ತೀನಿ’ ಎಂದು ಮೊಟಕು ಮಾಡಿದರೆ ಗ್ತೀ ಎಂಬ ವಿಜಾತಿ ಒತ್ತು ಬಂದು ಕೂರುತ್ತದೆ. ಅದಕ್ಕೇ ಸಂಭಾಷಣೆಯಲ್ಲಿ ‘ಬಾ’, ‘ಬೇಡ’, ‘ಹೋಗೋಣ’ ಹೆಚ್ಚು ಬಳಸುತ್ತೇನೆ. ಇವು ಮಾತಿನ ಹಾಗೇ ಇವೆ, ಒತ್ತೂ ಇಲ್ಲ. ನಿರೂಪಣೆಗೆ ಭೂತಕಾಲವೇ ವಾಸಿ: ‘ಓಡುತ್ತಿದ್ದಾಳೆ’ಗಿಂತ ‘ಓಡಿದಳು’ ಹಗುರ. ಸಂಧಿಯನ್ನೂ ಬಿಡಿಸಿ, ‘ಮನೆಯಲ್ಲಿದೆ’ ಬದಲು ‘ಮನೆಯಲ್ಲಿ ಇದೆ’ ಎನ್ನುತ್ತೇನೆ.

ಇಷ್ಟಾದ ಮೇಲೆ ನಾಲ್ಕು ಎ4 ಹಾಳೆ ಒಟ್ಟಿಗೆ ಮಡಚಿದರೆ 16 ಪುಟದ ಕೈಪ್ರತಿ, ಅಂದರೆ ಪುಸ್ತಕದ ಕಚ್ಚಾ ಮಾದರಿ. ಮುಖಪುಟಕ್ಕೆ, ಅದರ ಒಳಗಿನ ಲೇಖಕ, ಪ್ರಕಾಶಕರ ವಿವರಗಳಿಗೆ ಎರಡು ಮೂರು ಪುಟ ಹೋಗುತ್ತವೆ. ಪ್ರಶ್ನೆ ಬಲಗಡೆಯ ಪುಟದಲ್ಲಿ ಬಂದರೆ ಉತ್ತರಕ್ಕಾಗಿ ಮಗು ಪುಟ ತಿರುಗಿಸುತ್ತದೆ. ಎದುರುಬದುರು ಪುಟಗಳಲ್ಲಿ ಎರಡೂ ಬಂದರೆ ಕುತೂಹಲ ಅಲ್ಲೇ ಸತ್ತಿತು. ಚಿತ್ರದಲ್ಲಿ ಕೆಂಪು ಲಂಗ ಕಾಣುತ್ತಿದ್ದರೆ ವಾಕ್ಯದಲ್ಲಿ ‘ಕೆಂಪು ಲಂಗ’ ತೆಗೆಯುತ್ತೇನೆ.

ಕೈಪ್ರತಿಯನ್ನು ಮಕ್ಕಳಿಗೆ ಕೊಟ್ಟಾಗ ಓದಿ ಹೇಳುವುದಿಲ್ಲ, ಸುಮ್ಮನೆ ಬೆರಳು ನೋಡುತ್ತೇನೆ. ಬೆರಳು ನಿಂತ ಪದಕ್ಕೆ ನನ್ನ ಪ್ರತಿಯಲ್ಲಿ ಗೆರೆ. ಒಂದೇ ಪದದಲ್ಲಿ ಇಬ್ಬರು ಮೂವರು ನಿಂತರೆ ಅದು ಬದಲಾಗಲೇಬೇಕು. ‘ಚೆನ್ನಾಗಿದೆಯಾ?’ ಎಂದು ಕೇಳಿ ಪ್ರಯೋಜನವಿಲ್ಲ; ದೊಡ್ಡವರು ಕೇಳಿದರೆ ಮಕ್ಕಳು ಹೂಂ ಅನ್ನುತ್ತಾರೆ.

ಅಕ್ಷರದ ಗಾತ್ರ 20 ಪಾಯಿಂಟಿಗಿಂತ ಕಡಿಮೆ ಬೇಡ. ಸಾಲುಗಳ ನಡುವೆ ಧಾರಾಳ ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಕೊನೆಯಲ್ಲಿ ಪದ ಒಡೆಯಬಾರದು. ಪ್ರೂಫನ್ನು ಪುಸ್ತಕದ ಅಳತೆಯಲ್ಲೇ ಮುದ್ರಿಸಿ ನೋಡಬೇಕು. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಒತ್ತು ಎಷ್ಟು ಸಣ್ಣದಾಗಿದೆ ಎಂದು ತಿಳಿಯುವುದೇ ಇಲ್ಲ.