ಮನೆಯಲ್ಲೇ ಕೂತು ಬೆಂಗಳೂರು–ಮಂಗಳೂರು: ಸಿಮ್ಯುಲೇಟರ್‌ನಲ್ಲಿ ಅಸಲಿ ವಿಮಾನ ಮಾರ್ಗ ಹಾರಿಸುವುದು ಹೇಗೆ?

ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡ ಹೊಸದರಲ್ಲಿ ಎಲ್ಲರೂ ದೊಡ್ಡ ವಿಮಾನ ತಗೊಂಡು ಸ್ವಂತ ಊರಿನ ಮೇಲೆ ಸುತ್ತುತ್ತಾರೆ. ಸ್ವಲ್ಪ ದಿನಕ್ಕೆ ಅದು ಬೇಜಾರಾಗುತ್ತದೆ. ಆಗ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಬದಲು, ವಿಮಾನ ಕಂಪನಿಯೊಂದು ದಿನಾ ಹಾರಿಸುವ ಮಾರ್ಗವನ್ನು ಅವರ ಕಟ್ಟುಪಾಡಿನಲ್ಲೇ ಹಾರಿಸಿ ನೋಡಿ. ಖರ್ಚಿಲ್ಲ, ಮಜಾ ಜಾಸ್ತಿ.

ಶುರುವಿಗೆ ಚಿಕ್ಕ ಮಾರ್ಗವೇ ಒಳ್ಳೆಯದು. ಬೆಂಗಳೂರಿನಿಂದ ಮಂಗಳೂರಿಗೆ ನೇರ ಲೆಕ್ಕದಲ್ಲಿ ಸುಮಾರು 300 ಕಿ.ಮೀ., ಅಂದರೆ 165 ನಾಟಿಕಲ್ ಮೈಲಿ. ಸಮುದ್ರಮಟ್ಟದಿಂದ 3,000 ಅಡಿ ಮೇಲಿರುವ ಕೆಂಪೇಗೌಡ ನಿಲ್ದಾಣದಿಂದ ಎದ್ದು, ಘಟ್ಟ ದಾಟಿ, ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ ರನ್‌ವೇಗೆ ಇಳಿಯಬೇಕು. ಟಿಕೆಟ್‌ನಲ್ಲಿ ಕಾಣುವ ಬಿಎಲ್‌ಆರ್, ಐಎಕ್ಸ್‌ಇ ಪೈಲಟ್‌ಗಳ ಕೋಡ್ ಅಲ್ಲ. ಯೋಜನೆ ಹಾಕುವಾಗ ವಿಒಬಿಎಲ್, ವಿಒಎಂಎಲ್ ಎಂದು ಬರೆಯಬೇಕು.

ಮುಂದಿನ ಕೆಲಸ, ಇವತ್ತು ಈ ಮಾರ್ಗದಲ್ಲಿ ಹಾರುತ್ತಿರುವ ಒಂದು ವಿಮಾನ ಹುಡುಕುವುದು. ಹಾರುತ್ತಿರುವ ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ವಿಮಾನದ ಮಾದರಿ, ಹೊರಟ ಸಮಯ, ವಿಟಿಯಿಂದ ಶುರುವಾಗುವ ನೋಂದಣಿ ಸಂಖ್ಯೆ ಎಲ್ಲವೂ ಸಿಗುತ್ತವೆ. ವೇಳಾಪಟ್ಟಿಯಲ್ಲಿರುವುದು ನಿಂತ ಜಾಗ ಬಿಟ್ಟಾಗಿನಿಂದ ಮತ್ತೆ ನಿಲ್ಲುವವರೆಗಿನ ಹೊತ್ತು. ಗಾಳಿಯಲ್ಲಿರುವುದು ಅದಕ್ಕಿಂತ ಕಡಿಮೆ. ಪ್ಲಾನ್‌ನಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಕೇಳುತ್ತದೆ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ.

ಏರ್‌ಬಸ್ ಎ320 ಆರಿಸಿಕೊಂಡರೆ ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನವರಿಗೆ ಫ್ಲೈಬೈವೈರ್ ತಂಡದ ಎ32ಎನ್‌ಎಕ್ಸ್ ಉಚಿತ. ಎಕ್ಸ್-ಪ್ಲೇನ್‌ನವರಿಗೆ ಟೋಲಿಸ್‌ನ ವಿಮಾನಗಳಿವೆ, ದುಡ್ಡು ಕೊಡಬೇಕು.

ಈಗ ಮುಖ್ಯ ಭಾಗ. ಸಿಮ್‌ಬ್ರೀಫ್‌ನಲ್ಲಿ ಉಚಿತ ಖಾತೆ ತೆರೆದು ಎರಡು ಊರು, ವಿಮಾನ, ಸಮಯ ಕೊಟ್ಟರೆ ದಾರಿ, ಗಾಳಿ, ಇಂಧನ ಸೇರಿಸಿ ಪೂರ್ತಿ ಪ್ಲಾನ್ ಕೊಡುತ್ತದೆ. ಆದರೆ ಎತ್ತರ ಮಾತ್ರ ನೀವೇ ಯೋಚಿಸಿ ಹಾಕಿ. ಸಾವಿರ ಅಡಿಗಳ ಲೆಕ್ಕದಲ್ಲಿ ಪಶ್ಚಿಮದ ಕಡೆ ಹೋಗುವವರಿಗೆ ಸರಿಸಂಖ್ಯೆಯ ಎತ್ತರ, ಪೂರ್ವಕ್ಕೆ ಬೆಸಸಂಖ್ಯೆ. ಮಂಗಳೂರು ಪಶ್ಚಿಮಕ್ಕಿದೆ, ಹಾಗಾಗಿ 22,000 ಅಥವಾ 24,000 ಅಡಿ. 36,000 ಯಾಕೆ ಬೇಡ? ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲಿ ಬೇಕು. 36,000 ಅಡಿಯಿಂದ ಇಳಿಯಲಿಕ್ಕೇ 108 ಮೈಲಿ ಹೋಯಿತು, ಹತ್ತುವುದಕ್ಕೆ ಉಳಿದದ್ದೆಷ್ಟು! 24,000ದಿಂದಾದರೂ 72 ಮೈಲಿ ಮೊದಲೇ ಇಳಿಯಲು ಶುರು ಮಾಡಬೇಕು. ವೇಗ ತಗ್ಗಿಸಲು ಇನ್ನೊಂದಿಷ್ಟು ಸೇರಿಸಿಕೊಳ್ಳಿ. ಅಂದರೆ ದಾರಿಯ ಅರ್ಧದ ಹತ್ತಿರದಲ್ಲೇ ಇಳಿಜಾರು ಶುರು. ಕಾಫಿ ಕುಡಿಯುವ ಪುರುಸೊತ್ತೂ ಸಿಗುವುದಿಲ್ಲ.

ಇಂಧನದ ವಿಷಯದಲ್ಲಿ ಟ್ಯಾಂಕ್ ತುಂಬಿಸಿಬಿಡುವ ಚಾಳಿ ಬಿಡಿ. ನೆಲದ ಮೇಲಿನ ಓಡಾಟಕ್ಕೆ, ದಾರಿಗೆ, ದಾರಿಯ ಖರ್ಚಿನ ಶೇ 5ರಷ್ಟು ಹೆಚ್ಚುವರಿ, ಮಂಗಳೂರಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣ ತಲುಪಲು, ಕೊನೆಗೆ ಮೂವತ್ತು ನಿಮಿಷ ಸುತ್ತಲು: ಇಷ್ಟು ಸಾಕು. ಮಂಗಳೂರಿನ ರನ್‌ವೇ 2,450 ಮೀಟರ್, ಬೆಂಗಳೂರಿನದು 4,000. ಭಾರ ಹೊತ್ತು ಇಳಿದರೆ ಬ್ರೇಕ್ ಹಾಕುವಾಗ ಗೊತ್ತಾಗುತ್ತದೆ. ಬದಲಿ ನಿಲ್ದಾಣವಾಗಿ ಕಣ್ಣೂರು ಹತ್ತಿರ. ಆದರೆ ಮಳೆಗಾಲದಲ್ಲಿ ನಾನಾದರೆ ಬೆಂಗಳೂರನ್ನೇ ಹಾಕುತ್ತೇನೆ. ಮಂಗಳೂರಲ್ಲಿ ಜಡಿಮಳೆ ಇದ್ದರೆ ಕಣ್ಣೂರಲ್ಲಿ ಬಿಸಿಲಿರುತ್ತದಾ?

ಒಂದು ಕಿರಿಕಿರಿ ಹೇಳಿಬಿಡುತ್ತೇನೆ. ದಾರಿಬಿಂದುಗಳ, ಅಂದರೆ ವಿಮಾನದ ದಾರಿಯನ್ನು ಗುರುತಿಸುವ ಹೆಸರಿಟ್ಟ ಜಾಗಗಳ, ಮಾಹಿತಿ 28 ದಿನಕ್ಕೊಮ್ಮೆ ಬದಲಾಗುತ್ತದೆ. ಉಚಿತ ಸಿಮ್‌ಬ್ರೀಫ್‌ನಲ್ಲಿರುವುದು ಹಳೆಯದು. ನಿಮ್ಮ ವಿಮಾನದ ಕಂಪ್ಯೂಟರ್ ಯಾವುದೋ ಬಿಂದು ಸಿಗಲಿಲ್ಲ ಎಂದರೆ ಗಾಬರಿ ಬೇಡ, ಅದನ್ನು ಬಿಟ್ಟು ಮುಂದಿನದಕ್ಕೆ ನೇರ ಹೋಗಿ.

ಇಳಿಯುವ ಮುನ್ನ ಗಾಳಿ ನೋಡಿ. ಮಂಗಳೂರಿನಲ್ಲಿ ರನ್‌ವೇ 06 ಮತ್ತು 24, ಎರಡೂ ಒಂದೇ ಪಟ್ಟಿಯ ಎರಡು ದಿಕ್ಕುಗಳ ಹೆಸರು. ನೈರುತ್ಯದ ಮಳೆಗಾಳಿ ಬೀಸುವಾಗ 24 ಅನುಕೂಲ, ರೇಡಿಯೊ ಸಂಕೇತದಿಂದ ರನ್‌ವೇವರೆಗೆ ದಾರಿ ತೋರುವ ಐಎಲ್‌ಎಸ್ ಕೂಡ ಅದಕ್ಕಿದೆ. ನಕ್ಷೆಗಳನ್ನು ವಿಮಾನ ನಿಲ್ದಾಣ ಪ್ರಾಧಿಕಾರ ಉಚಿತವಾಗಿ ಪ್ರಕಟಿಸುತ್ತದೆ. ನೆಲದಿಂದ 1,000 ಅಡಿಯಲ್ಲಿರುವಾಗ ಚಕ್ರ, ಫ್ಲ್ಯಾಪ್, ವೇಗ, ಇಳಿಜಾರು ನಾಲ್ಕೂ ಸರಿಯಾಗಿರಬೇಕು. ಒಂದು ತಪ್ಪಿದರೂ ಮೇಲೇರಿ ಮತ್ತೊಂದು ಸುತ್ತು ಬನ್ನಿ. 2010ರ ಮೇ 22ರಂದು ಇದೇ 24ರಲ್ಲಿ ಅಸ್ಥಿರವಾಗಿ ಬಂದು, ತೀರಾ ಮುಂದೆ ನೆಲ ಮುಟ್ಟಿದ ವಿಮಾನ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 158 ಜನ ಸತ್ತರು. ಸಿಮ್ಯುಲೇಟರ್‌ನಲ್ಲೂ ಇಲ್ಲಿ 'ಹೇಗೋ ಇಳಿಸಿಬಿಡೋಣ' ಬೇಡ.

ಧೈರ್ಯ ಬಂದಮೇಲೆ ಸಿಮ್ಯುಲೇಟರ್ ಹಾರಿಸುವವರು ಆನ್‌ಲೈನ್‌ನಲ್ಲಿ ಒಟ್ಟಿಗೆ ಹಾರುವ ವ್ಯಾಟ್‌ಸಿಮ್ ಜಾಲ ಸೇರಬಹುದು. ಉಚಿತ, ಕಂಟ್ರೋಲರ್‌ಗಳೂ ನಮ್ಮಂಥ ಹವ್ಯಾಸಿಗಳೇ. ಇಂಡಿಗೊ ಹಾರಿಸುತ್ತಿದ್ದರೆ ಪ್ಲಾನ್‌ನಲ್ಲಿ ಕಂಪನಿಯ ಕೋಡ್ ಆಗಿ ಬರೆಯುವುದು ಐಜಿಒ, ರೇಡಿಯೊದಲ್ಲಿ ಹೇಳುವುದು 'ಐಫ್ಲೈ'.

ಇಳಿದ ಕೂಡಲೇ ಕಂಪ್ಯೂಟರ್ ಆರಿಸಬೇಡಿ. ಆ ನೋಂದಣಿ ಸಂಖ್ಯೆಯ ವಿಮಾನ ಮುಂದೆ ಎಲ್ಲಿಗೆ ಹೋಯಿತು ನೋಡಿ, ನೀವೂ ಅಲ್ಲಿಗೇ ಹೋಗಿ. ಬೆಂಗಳೂರಿಗೇ ವಾಪಸಾದರೆ ಈ ಸಲ ಪೂರ್ವದಿಕ್ಕು, 23,000 ಅಡಿ. ಇಳಿಯುವ ನೆಲವೇ 3,000 ಅಡಿ ಮೇಲಿರುವುದರಿಂದ ಲೆಕ್ಕ 72 ಅಲ್ಲ, 60 ಮೈಲಿ.